ಗುಲಾಮಗಿರಿಯನ್ನು ಕೈಬಿಟ್ಟ ಚರ್ಚು ನರಕದ ಬಗ್ಗೆ ಏನು ಹೇಳಬೇಕು?

ಬೈಬಲ್ಲಿನ ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಒಂದು ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಹೇಳುತ್ತಾರೆ. ಯಜಮಾನ ಮನೆಯಲ್ಲಿಲ್ಲ. ಯಾವ ಹೊತ್ತಿಗೆ ಬರುತ್ತಾನೋ ಆಳುಗಳಿಗೆ ಗೊತ್ತಿಲ್ಲ. ಯಜಮಾನನ ಇಷ್ಟ ಏನೆಂದು ತಿಳಿದೂ ಅದರಂತೆ ನಡೆಯದ ಆಳಿಗೆ ಬಹಳ ಪೆಟ್ಟು ಬೀಳುತ್ತದೆ. ತಿಳಿಯದೆ ತಪ್ಪಿದವನಿಗೆ ಕಡಿಮೆ ಪೆಟ್ಟು. ಕೊನೆಯಲ್ಲಿ ದೇವರು ಮನುಷ್ಯರಿಂದ ಲೆಕ್ಕ ಕೇಳುವಾಗ ಏನಾಗುತ್ತದೆ ಎಂದು ಹೇಳಲು ಬಂದ ಮಾತು ಇದು.

1830ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಥಾಮಸ್ ಆಲ್ಡ್ ಎಂಬ ಯಜಮಾನ ಇದೇ ವಚನ ಹೇಳಿ ಹೆನ್ನಿ ಎಂಬ ಗುಲಾಮ ಹುಡುಗಿಗೆ ಹೊಡೆಯುತ್ತಿದ್ದ. ಹೆನ್ನಿ ಚಿಕ್ಕವಳಿದ್ದಾಗ ಬೆಂಕಿಗೆ ಬಿದ್ದು ಕೈ ಸುಟ್ಟುಕೊಂಡಿದ್ದಳು. ಆ ಕೈಗಳಿಂದ ಹೆಚ್ಚು ಕೆಲಸ ಆಗುತ್ತಿರಲಿಲ್ಲ. ಆಲ್ಡ್ ಬೆಳಿಗ್ಗೆ ಅವಳನ್ನು ಕಟ್ಟಿಹಾಕಿ ಬಾರುಕೋಲಿನಿಂದ ಹೊಡೆಯುವುದು, ಅಂಗಡಿಗೆ ಹೋಗುವುದು, ಮಧ್ಯಾಹ್ನ ಊಟಕ್ಕೆ ಬಂದಾಗ ಅದೇ ಹಸಿ ಗಾಯದ ಮೇಲೆ ಮತ್ತೆ ಹೊಡೆಯುವುದು. ಆ ಮನೆಯಲ್ಲೇ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಾಸ್ ಇದನ್ನು ಕಣ್ಣಾರೆ ಕಂಡು, 1845ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಬರೆದರು. ಆಲ್ಡ್ 1832ರಲ್ಲಿ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದವರ ಒಂದು ಸಭೆಯಲ್ಲಿ ಮನಪರಿವರ್ತನೆಯಾಗಿ ಭಕ್ತನಾಗಿದ್ದ. ಇನ್ನಾದರೂ ಸ್ವಲ್ಪ ಕರುಣೆ ಬರಬಹುದು ಎಂದು ಡಗ್ಲಾಸ್ ಆಸೆಪಟ್ಟಿದ್ದರು. ಆಗಿದ್ದು ಅದಕ್ಕೆ ತದ್ವಿರುದ್ಧ. ಮೊದಲು ಅವನ ಕ್ರೌರ್ಯಕ್ಕೆ ಅವನ ದುಷ್ಟತನವೊಂದೇ ಆಸರೆ. ಈಗ ದೇವರ ವಾಕ್ಯವೂ ಸಿಕ್ಕಿತು.

ಬೈಬಲ್ಲಿನ ನೈತಿಕತೆ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಎರಡು ವಿಷಯ ತಪ್ಪದೆ ಬರುತ್ತವೆ: ಗುಲಾಮಗಿರಿ ಮತ್ತು ನರಕ. ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆಯಾಗಿ ಎತ್ತುತ್ತಾರೆ. ಒಂದಕ್ಕೆ ಚರಿತ್ರೆಯ ಉತ್ತರ, ಇನ್ನೊಂದಕ್ಕೆ ದೇವತಾಶಾಸ್ತ್ರದ ಉತ್ತರ. ನನ್ನ ಮಟ್ಟಿಗೆ ಇವೆರಡೂ ಒಂದೇ ಗಂಟು. ಹೆನ್ನಿಯ ಬೆನ್ನ ಮೇಲೆ ಬಿದ್ದ ಆ ವಚನದಲ್ಲಿ ಗುಲಾಮನಿಗೆ ಬೀಳುವ ಪೆಟ್ಟೂ ಇದೆ, ದೇವರ ತೀರ್ಪೂ ಇದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬಿಡಿಸಲು ಆಗುವುದಿಲ್ಲ.

ಇದೇನೂ ಹಳೇ ಕಾಲಕ್ಕೆ ಮುಗಿದ ಚರ್ಚೆ ಅಲ್ಲ. 2023ರ ಜನವರಿಯಲ್ಲಿ ಇಂಗ್ಲೆಂಡಿನ ಚರ್ಚಿನ ಆಸ್ತಿ ನೋಡಿಕೊಳ್ಳುವ ಮಂಡಳಿ, ತನ್ನ ಹಳೆಯ ನಿಧಿಗೆ ಗುಲಾಮ ವ್ಯಾಪಾರದ ನಂಟು ಇತ್ತೆಂದು ಒಪ್ಪಿಕೊಂಡು 10 ಕೋಟಿ ಪೌಂಡ್ ತೆಗೆದಿಡುವುದಾಗಿ ಹೇಳಿತು. ಅದೇ ವರ್ಷ ಮಾರ್ಚ್‌ನಲ್ಲಿ ವ್ಯಾಟಿಕನ್, ಪರರ ನೆಲವನ್ನು ಕಂಡುಹಿಡಿದವರೇ ಅದಕ್ಕೆ ಒಡೆಯರು ಎಂಬ ಹಳೆಯ ಸಿದ್ಧಾಂತವನ್ನು ಬಹಿರಂಗವಾಗಿ ತಳ್ಳಿಹಾಕಿತು. 2024ರ ಜನವರಿಯಲ್ಲಿ ಆಗಿನ ಪೋಪ್ ಫ್ರಾನ್ಸಿಸ್ ಇಟಲಿಯ ಟಿವಿ ಸಂದರ್ಶನವೊಂದರಲ್ಲಿ, ನರಕ ಖಾಲಿ ಇದೆ ಎಂದುಕೊಳ್ಳುವುದು ನನಗಿಷ್ಟ, ಹಾಗೇ ಇರಲಿ ಎಂಬ ಆಸೆ ನನ್ನದು ಎಂದರು. ಇದು ನನ್ನ ಸ್ವಂತ ಅನಿಸಿಕೆ, ಚರ್ಚಿನ ಸಿದ್ಧಾಂತ ಅಲ್ಲ ಎಂದೂ ಸೇರಿಸಿದರು. ಅಷ್ಟಕ್ಕೇ ದೊಡ್ಡ ಗದ್ದಲ ಎದ್ದಿತು.

ಮೊದಲು ಗುಲಾಮಗಿರಿ ಬಗ್ಗೆ ಪುಸ್ತಕದಲ್ಲಿ ನಿಜವಾಗಿ ಏನಿದೆ ನೋಡೋಣ. ಏಕೆಂದರೆ ಇಲ್ಲಿ ತಿಪ್ಪೆ ಸಾರಿಸುವ ಕೆಲಸ ಬಹಳ ನಡೆದಿದೆ.

ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ವಿಮೋಚನಕಾಂಡದ 21ನೇ ಅಧ್ಯಾಯ, ದಶಾಜ್ಞೆಗಳು ಬಂದ ಮರುಕ್ಷಣವೇ, ಗುಲಾಮರ ಕಾನೂನಿನಿಂದ ಶುರುವಾಗುತ್ತದೆ. ಇಬ್ರಿಯ, ಅಂದರೆ ಇಸ್ರಾಯೇಲ್ಯ, ಗಂಡಾಳು ಆರು ವರ್ಷ ದುಡಿದು ಏಳನೆಯ ವರ್ಷ ಬಿಡುಗಡೆ ಹೊಂದಬೇಕು. ಇದನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಸಾಲು ಅಷ್ಟಾಗಿ ಯಾರೂ ಹೇಳುವುದಿಲ್ಲ. ಯಜಮಾನನೇ ಅವನಿಗೆ ಹೆಂಡತಿಯನ್ನು ಕೊಟ್ಟಿದ್ದರೆ, ಆ ಹೆಂಡತಿ ಮತ್ತು ಮಕ್ಕಳು ಯಜಮಾನನಿಗೇ ಸೇರುತ್ತಾರೆ. ಅವನೊಬ್ಬನೇ ಹೊರಗೆ ಹೋಗಬೇಕು. ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಲಾರೆ ಎಂದರೆ, ಬಾಗಿಲ ಹತ್ತಿರ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚುತ್ತಾರೆ. ಅಲ್ಲಿಗೆ ಅವನು ಸಾಯುವ ತನಕ ಗುಲಾಮ. ಇನ್ನೂ ಸ್ವಲ್ಪ ಕೆಳಗೆ ಬಂದರೆ, ಯಜಮಾನ ಕೋಲಿನಿಂದ ಹೊಡೆದು ಗುಲಾಮ ಅಲ್ಲೇ ಸತ್ತರೆ ಶಿಕ್ಷೆ ಇದೆ. ಒಂದೆರಡು ದಿನ ಬದುಕಿ ಸತ್ತರೆ ಶಿಕ್ಷೆ ಇಲ್ಲ, ಏಕೆಂದರೆ ಅವನು ಯಜಮಾನನ ಸೊತ್ತು.

ಅದು ಸಾಲ ತೀರಿಸಲು ಮಾಡುತ್ತಿದ್ದ ಜೀತವಷ್ಟೇ, ನಾವಂದುಕೊಳ್ಳುವ ಗುಲಾಮಗಿರಿ ಅಲ್ಲ ಎಂಬ ವಾದ ಇದೆ. ಇಸ್ರಾಯೇಲ್ಯರ ಮಟ್ಟಿಗೆ ಅದರಲ್ಲಿ ಒಂದಿಷ್ಟು ಸತ್ಯ ಇದೆ. ಆದರೆ ಯಾಜಕಕಾಂಡದ 25ನೇ ಅಧ್ಯಾಯ ಓದಿದರೆ ಈ ವಾದ ನಿಲ್ಲುವುದಿಲ್ಲ. ನಿಮ್ಮವರನ್ನು ಗುಲಾಮರಂತೆ ದುಡಿಸಬೇಡಿ, ಗುಲಾಮರು ಬೇಕಿದ್ದರೆ ಸುತ್ತಲಿನ ಜನಾಂಗಗಳಿಂದ ಕೊಂಡುಕೊಳ್ಳಿ, ಅವರು ನಿಮ್ಮ ಸೊತ್ತು, ನಿಮ್ಮ ಮಕ್ಕಳಿಗೂ ಆಸ್ತಿಯಾಗಿ ಬಿಟ್ಟುಹೋಗಬಹುದು ಎಂದು ಅಲ್ಲಿ ನೇರವಾಗಿ ಇದೆ. ಜನಾಂಗದ ಆಧಾರದ ಮೇಲೆ, ಜೀವಮಾನವಿಡೀ, ಪೀಳಿಗೆಯಿಂದ ಪೀಳಿಗೆಗೆ. ಇದಕ್ಕೆ ಗುಲಾಮಗಿರಿ ಅನ್ನದೆ ಇನ್ನೇನು ಅನ್ನಬೇಕು? ಕೆಲಸಕ್ಕಿಟ್ಟುಕೊಂಡಂತೆ ಎಂದು ಮೃದು ಮಾಡಿ ಹೇಳುವವರಿಗೆ, ಕಿವಿ ಚುಚ್ಚಿಸಿಕೊಂಡ ಆ ಮನುಷ್ಯನ ಮುಖ ಕಾಣುತ್ತಿಲ್ಲ ಎನಿಸುತ್ತದೆ. ಅವನಿಗೆ ಆಗಿದ್ದು ಅನ್ಯಾಯ. ಅದನ್ನು ಅನ್ಯಾಯವೇ ಅಲ್ಲ ಎನ್ನುವುದು ಎರಡನೆಯ ಅನ್ಯಾಯ.

ಹಾಗಂತ ಪುಸ್ತಕದಲ್ಲಿ ಇಷ್ಟೇ ಇರುವುದು ಎನ್ನುವುದೂ ಸುಳ್ಳಾಗುತ್ತದೆ. ಅದೇ 21ನೇ ಅಧ್ಯಾಯದಲ್ಲಿ, ಮನುಷ್ಯನನ್ನು ಕದ್ದು ಮಾರಿದವನಿಗೆ ಮರಣದಂಡನೆ ಇದೆ. ಯಜಮಾನ ಗುಲಾಮನ ಕಣ್ಣು ಕಳೆದರೆ, ಒಂದು ಹಲ್ಲು ಮುರಿದರೂ ಸಾಕು, ಅವನನ್ನು ಬಿಟ್ಟುಕಳಿಸಬೇಕು. ಧರ್ಮೋಪದೇಶಕಾಂಡದ 23ನೇ ಅಧ್ಯಾಯವಂತೂ ಆ ಕಾಲಕ್ಕೆ ಬೆರಗು ಹುಟ್ಟಿಸುವಂಥದ್ದು. ಯಜಮಾನನಿಂದ ತಪ್ಪಿಸಿಕೊಂಡು ಬಂದ ಗುಲಾಮನನ್ನು ಹಿಡಿದುಕೊಡಬೇಡಿ, ಅವನು ಇಷ್ಟಪಟ್ಟ ಊರಲ್ಲಿ ಇರಲಿ, ಅವನಿಗೆ ತೊಂದರೆ ಕೊಡಬೇಡಿ ಎನ್ನುತ್ತದೆ. ಪ್ರಾಚೀನ ಬಾಬೆಲಿನ ದೊರೆ ಹಮ್ಮುರಾಬಿಯ ಕಾನೂನಿನಲ್ಲಿ ತಪ್ಪಿಸಿಕೊಂಡ ಗುಲಾಮನನ್ನು ಮನೆಯಲ್ಲಿ ಬಚ್ಚಿಟ್ಟವನಿಗೆ ಸಾವೇ ಶಿಕ್ಷೆ. 1850ರಲ್ಲಿ ಅಮೆರಿಕದ ಸರ್ಕಾರ ಓಡಿಬಂದ ಗುಲಾಮರನ್ನು ಹಿಡಿದುಕೊಡುವುದು ಕಡ್ಡಾಯ ಎಂದು ಕಾಯ್ದೆ ತಂದಾಗ, ಗುಲಾಮಗಿರಿಯ ವಿರೋಧಿಗಳು ಎತ್ತಿ ಹಿಡಿದಿದ್ದು ಈ ವಚನವನ್ನೇ.

ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲೂ ಇದೇ ಕಥೆ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ಆದಿ ಕ್ರೈಸ್ತ ಬೋಧಕ ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ದಾಸರೇ, ನಿಮ್ಮ ಯಜಮಾನರಿಗೆ ಭಯದಿಂದ ನಡುಗುತ್ತಾ ವಿಧೇಯರಾಗಿರಿ ಎಂದು ಪೌಲನ ಹೆಸರಿನಲ್ಲೇ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಒಳ್ಳೆಯ ಯಜಮಾನರಿಗೆ ಮಾತ್ರವಲ್ಲ, ವಕ್ರ ಬುದ್ಧಿಯವರಿಗೂ ಅಧೀನರಾಗಿರಿ ಎಂದು ಪೇತ್ರನ ಮೊದಲ ಪತ್ರ ಹೇಳುತ್ತದೆ. ಗುಲಾಮಗಿರಿ ತಪ್ಪು, ಅದನ್ನು ನಿಲ್ಲಿಸಿ ಎಂದು ಒಂದೇ ಒಂದು ಕಡೆ ನೇರವಾಗಿ ಹೇಳಿಲ್ಲ.

ಈ ಪುಸ್ತಕದ ಬಗ್ಗೆ ಯಜಮಾನರಿಗೆ ಏನನಿಸಿತ್ತು ಎಂಬುದಕ್ಕೆ ಒಂದು ಗಟ್ಟಿ ಸಾಕ್ಷಿ ಇದೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿಯೇ ಒಂದು ಬೈಬಲ್ ಅಚ್ಚಾಯಿತು. ಹಳೆಯ ಒಡಂಬಡಿಕೆಯ ನೂರಕ್ಕೆ ಸುಮಾರು 90 ಭಾಗ, ಹೊಸ ಒಡಂಬಡಿಕೆಯ ಅರ್ಧದಷ್ಟು ಅದರಲ್ಲಿ ಇಲ್ಲ. ಇಸ್ರಾಯೇಲ್ಯರು ಐಗುಪ್ತದ ಗುಲಾಮಗಿರಿಯಿಂದ ಹೊರಬಂದ ಕಥೆ ಇಲ್ಲ. ಗಲಾತ್ಯದವರಿಗೆ ಬರೆದ ಆ ಸಾಲು ಇಲ್ಲ. ಎಫೆಸದವರಿಗೆ ಬರೆದದ್ದು ಮಾತ್ರ ಹಾಗೇ ಉಳಿದಿದೆ. ಬೈಬಲ್ ಗುಲಾಮಗಿರಿಯನ್ನು ಒಪ್ಪುತ್ತದೆ, ಮಾತು ಮುಗೀತು ಎನ್ನುವ ಟೀಕಾಕಾರರು ಈ ಕತ್ತರಿ ಕೆಲಸಕ್ಕೆ ಕಾರಣ ಹೇಳಬೇಕು. ಪುಸ್ತಕ ಪೂರ್ತಿ ಯಜಮಾನರ ಪರವಾಗಿದ್ದರೆ ಇಷ್ಟೊಂದು ಹಾಳೆ ತೆಗೆಯುವ ಅಗತ್ಯ ಏನಿತ್ತು? ಬೈಬಲ್ ಮೊದಲಿನಿಂದಲೂ ಗುಲಾಮಗಿರಿಯ ವಿರುದ್ಧವೇ ಇತ್ತು ಎನ್ನುವ ಭಕ್ತರು, ಉಳಿದ ಹಾಳೆಗಳಿಗೆ ಕಾರಣ ಹೇಳಬೇಕು.

ಗುಲಾಮರು ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಜಾರ್ಜಿಯಾದಲ್ಲಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಎಂಬ ಬಿಳಿಯ ಪಾದ್ರಿ 1830ರ ದಶಕದಲ್ಲಿ ಗುಲಾಮರ ದೊಡ್ಡ ಗುಂಪಿಗೆ ಫಿಲೆಮೋನನಿಗೆ ಬರೆದ ಪತ್ರದ ಮೇಲೆ ಪ್ರಸಂಗ ಮಾಡಿದರು. ಪೌಲ ಒನೇಸಿಮ ಎಂಬ ಗುಲಾಮನನ್ನು ಯಜಮಾನನ ಹತ್ತಿರ ವಾಪಸ್ ಕಳಿಸಿದ ಪತ್ರ ಅದು. ಓಡಿಹೋಗುವುದು ಪಾಪ ಎಂದು ಪಾದ್ರಿ ಪೌಲನ ಹೆಸರಲ್ಲಿ ಹೇಳಿದ್ದೇ ತಡ, ಅರ್ಧಕ್ಕರ್ಧ ಜನ ಎದ್ದು ನಡೆದುಬಿಟ್ಟರು. ಉಳಿದವರಲ್ಲೂ ಮುನಿಸು. ಅಂಥ ಪತ್ರ ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ ಎಂದು ಕೆಲವರು ಗಟ್ಟಿಯಾಗಿ ಹೇಳಿದರು. ಇದನ್ನು ದಾಖಲಿಸಿದವರು ಸ್ವತಃ ಆ ಪಾದ್ರಿಯೇ.

ಹೋವರ್ಡ್ ಥರ್ಮನ್ ಎಂಬ ಅಮೆರಿಕದ ಕಪ್ಪು ಚಿಂತಕರ ಅಜ್ಜಿ ನ್ಯಾನ್ಸಿ ಆಂಬ್ರೋಸ್ ಫ್ಲೋರಿಡಾದಲ್ಲಿ ಗುಲಾಮಳಾಗಿ ಹುಟ್ಟಿದವರು. ಓದು ಬರುತ್ತಿರಲಿಲ್ಲ. ಮೊಮ್ಮಗ ಅವರಿಗೆ ಬೈಬಲ್ ಓದಿ ಹೇಳಬೇಕು, ಆದರೆ ಪೌಲನ ಪತ್ರಗಳನ್ನು ಓದುವ ಹಾಗಿಲ್ಲ. ಪ್ರೀತಿಯ ಬಗ್ಗೆ ಕೊರಿಂಥದವರಿಗೆ ಬರೆದ 13ನೇ ಅಧ್ಯಾಯವೊಂದಕ್ಕೆ ಮಾತ್ರ ಆಗೀಗ ಅನುಮತಿ. ಏಕೆ ಎಂದು ಕೇಳಲು ಥರ್ಮನ್‌ಗೆ ವರ್ಷಗಳೇ ಬೇಕಾದವು. ಯಜಮಾನನ ಪಾದ್ರಿ ಬಂದಾಗೆಲ್ಲ ದಾಸರೇ ವಿಧೇಯರಾಗಿರಿ ಎಂಬುದನ್ನೇ ಹೇಳುತ್ತಿದ್ದ, ಬಿಡುಗಡೆಯಾಗಿ ಓದು ಕಲಿತರೆ ಬೈಬಲ್ಲಿನ ಆ ಭಾಗ ಮಾತ್ರ ಓದುವುದಿಲ್ಲ ಎಂದು ನನ್ನ ದೇವರಿಗೆ ಮಾತು ಕೊಟ್ಟಿದ್ದೆ ಎಂದರು ಅಜ್ಜಿ.

ದೇವರಿಗೇ ಮಾತು ಕೊಟ್ಟು ದೇವರ ಪುಸ್ತಕದ ಒಂದು ಭಾಗ ಬಿಡುವುದು. ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಪ್ರಾಮಾಣಿಕ ನಿಲುವು ನನಗೆ ಸಿಕ್ಕಿಲ್ಲ. ಅವರು ವಚನಕ್ಕೆ ಬೇರೆ ಅರ್ಥ ಹಚ್ಚಲಿಲ್ಲ. ಅದು ಹೇಳುವುದನ್ನೇ ಹೇಳುತ್ತದೆ ಎಂದು ಒಪ್ಪಿಕೊಂಡರು. ಒಪ್ಪಿಕೊಂಡೇ, ಇದು ನನ್ನ ದೇವರ ಮಾತಲ್ಲ ಎಂದರು. ಗುಲಾಮಗಿರಿಯ ವಿಷಯದಲ್ಲಿ ಕ್ರೈಸ್ತ ಜಗತ್ತೆಲ್ಲ ಕೊನೆಗೆ ಬಂದು ನಿಂತಿದ್ದು ಈ ಅಜ್ಜಿ ನಿಂತ ಜಾಗಕ್ಕೇ. ಹಾಗೆ ಬಂದೆವು ಎಂದು ಒಪ್ಪಿಕೊಳ್ಳುವವರು ಕಡಿಮೆ, ಅಷ್ಟೇ.

ಈಗ ನರಕಕ್ಕೆ ಬರೋಣ.

ಹಳೆಯ ಒಡಂಬಡಿಕೆಯ ಬಹುಪಾಲಿನಲ್ಲಿ ಬೆಂಕಿಯ ನರಕ ಇಲ್ಲ. ಸತ್ತವರು, ಒಳ್ಳೆಯವರೂ ಕೆಟ್ಟವರೂ, ಕತ್ತಲ ಪಾತಾಳಕ್ಕೆ ಇಳಿಯುತ್ತಾರೆ. ಸತ್ತವರು ಏಳುತ್ತಾರೆ, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯ ನಿಂದೆಗೆ ಎಂಬ ಮಾತು ಸ್ಪಷ್ಟವಾಗಿ ಬರುವುದು ದಾನಿಯೇಲನ 12ನೇ ಅಧ್ಯಾಯದಲ್ಲಿ. ಹೆಚ್ಚಿನ ವಿದ್ವಾಂಸರ ಪ್ರಕಾರ ಆ ಭಾಗ ಕ್ರಿಸ್ತಪೂರ್ವ 2ನೇ ಶತಮಾನದ್ದು. ತಮ್ಮ ಧರ್ಮಕ್ಕಾಗಿ ಪ್ರಾಣ ಬಿಡುತ್ತಿದ್ದ ಯೆಹೂದ್ಯರನ್ನು ಅವರನ್ನಾಳುತ್ತಿದ್ದ ರಾಜ ನಾಲ್ಕನೇ ಅಂತಿಯೋಕನು ಹಿಂಸಿಸುತ್ತಿದ್ದ ಕಾಲ. ಇಲ್ಲಿ ಒಂದು ಸೂಕ್ಷ್ಮ ಇದೆ. ನರಕದ ಕಲ್ಪನೆಯ ಬೇರು ಕ್ರೌರ್ಯದಲ್ಲಿ ಇಲ್ಲ, ನೋವಿನಲ್ಲಿದೆ. ಸತ್ಯವಂತ ಚಿತ್ರಹಿಂಸೆ ಪಟ್ಟು ಸತ್ತ, ಹಿಂಸೆ ಕೊಟ್ಟವನು ಅರಮನೆಯಲ್ಲಿ ಹಾಯಾಗಿ ಕಣ್ಣು ಮುಚ್ಚಿದ. ಲೆಕ್ಕ ಇಲ್ಲಿಗೇ ಮುಗೀತಾ ಎಂಬ ಪ್ರಶ್ನೆ ಅದು. ಹೆನ್ನಿಯ ಪರವಾಗಿ ನಾವೂ ಅದನ್ನೇ ಕೇಳುತ್ತೇವೆ, ಅಲ್ವಾ? ನರಕವನ್ನು ಸಮರ್ಥಿಸುವವರ ವಾದಗಳಲ್ಲಿ ನಾನು ತಲೆಬಾಗುವುದು ಈ ಒಂದಕ್ಕೆ. ಅನ್ಯಾಯಕ್ಕೆ ಎಲ್ಲೋ ಒಂದು ಕಡೆ ಉತ್ತರ ಹೇಳಲೇಬೇಕು ಎಂಬ ಆಸೆಯನ್ನು ಹಗುರವಾಗಿ ನೋಡುವ ಹಕ್ಕು, ಸುಖವಾಗಿ ಬದುಕಿದ ನಮಗಿಲ್ಲ.

ಆದರೆ ಉತ್ತರ ಹೇಳಬೇಕು ಎನ್ನುವುದು ಬೇರೆ. ಆ ಉತ್ತರ ಎಂದೂ ಮುಗಿಯಬಾರದು ಎನ್ನುವುದು ಬೇರೆ. ಜಗಳ ಇರುವುದು ಇಲ್ಲಿ.

ಹೊಸ ಒಡಂಬಡಿಕೆ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಮತ್ತಾಯನ 25ನೇ ಅಧ್ಯಾಯದಲ್ಲಿ ನಿತ್ಯಶಿಕ್ಷೆ ಇದೆ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಬೆಂಕಿಯ ಕೆರೆ ಇದೆ. ಅದೇ ಮತ್ತಾಯನ 10ನೇ ಅಧ್ಯಾಯದಲ್ಲಿ ದೇವರು ಪ್ರಾಣವನ್ನೂ ದೇಹವನ್ನೂ ನರಕದಲ್ಲಿ ನಾಶಮಾಡಬಲ್ಲರು ಎಂದಿದೆ. ನಾಶವಾದದ್ದು ನರಳುತ್ತಾ ಇರುವುದಿಲ್ಲ. ಆದಾಮನಲ್ಲಿ ಎಲ್ಲರೂ ಸತ್ತಂತೆ ಕ್ರಿಸ್ತನಲ್ಲಿ ಎಲ್ಲರೂ ಬದುಕುತ್ತಾರೆ ಎಂದು ಕೊರಿಂಥದವರಿಗೆ ಬರೆದ ಪತ್ರದಲ್ಲಿದೆ. ಮೂರು ಪಂಥಗಳು ಈ ಮೂರು ಬಗೆಯ ವಚನಗಳಿಂದಲೇ ಹುಟ್ಟಿವೆ: ನರಕದ ಯಾತನೆಗೆ ಕೊನೆಯಿಲ್ಲ ಎನ್ನುವವರು, ಕೆಟ್ಟವರು ಕೊನೆಗೆ ಇಲ್ಲವಾಗುತ್ತಾರೆ ಎನ್ನುವವರು, ಕೊನೆಗೆ ಎಲ್ಲರಿಗೂ ರಕ್ಷಣೆ ಸಿಗುತ್ತದೆ ಎನ್ನುವವರು. ಪಾಶ್ಚಾತ್ಯ ಚರ್ಚಿನಲ್ಲಿ ಮೊದಲನೆಯದೇ ಗೆದ್ದಿತು. ಅದಕ್ಕೆ ದೊಡ್ಡ ಬಲ ಕೊಟ್ಟವರು 5ನೇ ಶತಮಾನದ ಬಿಷಪ್ ಅಗಸ್ಟೀನ್.

ಗುಲಾಮಗಿರಿಗೂ ನರಕಕ್ಕೂ ಇರುವ ನಂಟನ್ನು ಮೂರು ಕಡೆ ಕಾಣಬಹುದು. ಮೊದಲನೆಯದು, ಸುವಾರ್ತೆಗಳಲ್ಲಿ ಬರುವ ತೀರ್ಪಿನ ಚಿತ್ರಗಳೇ. ಆಳನ್ನು ತುಂಡುತುಂಡಾಗಿ ಕಡಿಸುವ ಯಜಮಾನ, ಸಾಲ ತೀರುವ ತನಕ ಆಳನ್ನು ಪೀಡಿಸುವವರ ಕೈಗೆ ಒಪ್ಪಿಸುವ ರಾಜ, ಕೆಲಸಕ್ಕೆ ಬಾರದ ಆಳನ್ನು ಹೊರಗಿನ ಕತ್ತಲೆಗೆ ಎಸೆಯುವ ಒಡೆಯ. ಕೇಳುಗರಿಗೆ ದಿನವೂ ಕಣ್ಣಿಗೆ ಬೀಳುತ್ತಿದ್ದ ಕಟುವಾದ ಅಧಿಕಾರ ಅದೇ ಆಗಿತ್ತು, ಹಾಗಾಗಿ ಸಾಮ್ಯಗಳಿಗೆ ಬಣ್ಣವೂ ಅಲ್ಲಿಂದಲೇ ಬಂತು. ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಯಜಮಾನ ಗುಲಾಮನಿಗೆ ಹೊಡೆಯುವುದು ತಪ್ಪು ಎಂದು ನಾವು ತೀರ್ಮಾನಿಸಿದ ಮೇಲೆ, ದೇವರನ್ನು ಅದೇ ಯಜಮಾನನ ವೇಷದಲ್ಲಿ ತೋರಿಸುವ ಚಿತ್ರ ಮೊದಲಿನ ಹಾಗೇ ಉಳಿಯಲು ಸಾಧ್ಯವೇ?

ಎರಡನೆಯದು ಶಿಕ್ಷೆಯ ತೂಕದ ಪ್ರಶ್ನೆ. ಎಪ್ಪತ್ತು ವರ್ಷದ ಪಾಪಕ್ಕೆ ಕೊನೆಯಿಲ್ಲದ ಶಿಕ್ಷೆ ಹೇಗೆ ನ್ಯಾಯ ಎಂದು ಕೇಳಿದರೆ, ಮಧ್ಯಯುಗದ ಚಿಂತಕರಿಂದ ಇಂದಿನವರೆಗೆ ಒಂದು ಸಿದ್ಧ ಉತ್ತರ ಇದೆ. ಪಾಪದ ತೂಕ ಪಾಪ ಎಷ್ಟು ಹೊತ್ತು ನಡೆಯಿತು ಎಂಬುದರ ಮೇಲಿಲ್ಲ, ಯಾರ ವಿರುದ್ಧ ನಡೆಯಿತು ಎಂಬುದರ ಮೇಲಿದೆ. ದೇವರ ಘನತೆಗೆ ಎಲ್ಲೆ ಇಲ್ಲ, ಹಾಗಾಗಿ ದೇವರಿಗೆ ಮಾಡಿದ ಅವಮಾನಕ್ಕೂ ಎಲ್ಲೆ ಇಲ್ಲ. ಕೇಳಲು ಗಂಭೀರವಾಗಿದೆ. ಆದರೆ ಈ ತಕ್ಕಡಿ ಎಲ್ಲಿಯದು? ವಿಮೋಚನಕಾಂಡದ 21ನೇ ಅಧ್ಯಾಯಕ್ಕೆ ಮತ್ತೆ ಹೋಗಿ. ಹಾಯುವ ಚಾಳಿಯ ಎತ್ತು ಸ್ವತಂತ್ರ ಮನುಷ್ಯನನ್ನು ತಿವಿದು ಕೊಂದರೆ, ಅದನ್ನು ತಿಳಿದೂ ಕಟ್ಟಿಹಾಕದ ಒಡೆಯನ ಜೀವಕ್ಕೇ ಕುತ್ತು. ಅದೇ ಎತ್ತು ಗುಲಾಮನನ್ನು ಕೊಂದರೆ, ಅವನ ಯಜಮಾನನಿಗೆ 30 ಶೆಕೆಲ್ ಬೆಳ್ಳಿ ಕೊಟ್ಟರೆ ಆಯಿತು. ಸತ್ತವನ ಅಂತಸ್ತು ನೋಡಿ ಅಪರಾಧ ತೂಗುವ ಪದ್ಧತಿ ಇದು. ಗುಲಾಮರಿದ್ದ ಸಮಾಜದ ನ್ಯಾಯ ನಿಂತಿದ್ದೇ ಇದರ ಮೇಲೆ. ಭೂಮಿಯ ಮೇಲೆ ಈ ತಕ್ಕಡಿಯನ್ನು ಒಡೆದು ಹಾಕಿದ್ದೇವೆ. ದೊರೆಗೆ ಹೊಡೆದರೂ ಕೂಲಿಯವನಿಗೆ ಹೊಡೆದರೂ ಏಟು ಏಟೇ ಎನ್ನುತ್ತೇವೆ. ಅದನ್ನೇ ಒಯ್ದು ಪರಲೋಕದಲ್ಲಿ ಇಟ್ಟು, ಇದು ಪರಿಪೂರ್ಣ ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೂರನೆಯದು ಚರಿತ್ರೆ. ಅದು ಮನಸ್ಸು ಕಲಕುವಂಥದ್ದು.

1444ರ ಆಗಸ್ಟ್ 8, ಪೋರ್ಚುಗಲ್ಲಿನ ಲಾಗೋಸ್ ಬಂದರು. ಆಫ್ರಿಕಾದ ಕರಾವಳಿಯಿಂದ ಹಿಡಿದು ತಂದ 235 ಜನರನ್ನು ಬೆಳಿಗ್ಗೆ ಬೇಗನೆ ಹಡಗಿನಿಂದ ಇಳಿಸಿ ಬಯಲಿನಲ್ಲಿ ನಿಲ್ಲಿಸಿದರು. ಪಾಲು ಮಾಡಬೇಕಿತ್ತು. ಗಂಡ ಒಂದು ಗುಂಪಿಗೆ, ಹೆಂಡತಿ ಇನ್ನೊಂದಕ್ಕೆ. ತಾಯಂದಿರು ಮಕ್ಕಳನ್ನು ಅವುಚಿಕೊಂಡು ನೆಲಕ್ಕೆ ಬಿದ್ದು, ತಮ್ಮ ಮೈಮೇಲೆ ಏಟು ಬೀಳುತ್ತಿದ್ದರೂ ಮಕ್ಕಳನ್ನು ಬಿಡಲೊಲ್ಲರು. ರಾಜಕುಮಾರ ಹೆನ್ರಿ ಕುದುರೆಯ ಮೇಲೆ ಕೂತು ನೋಡುತ್ತಿದ್ದ. ಐದರಲ್ಲಿ ಒಂದು ಪಾಲು ಅವನದು, 46 ಜನ. ಇದನ್ನೆಲ್ಲ ಬರೆದಿಟ್ಟವನು ಅರಮನೆಯ ಚರಿತ್ರೆಕಾರ ಜುರಾರಾ. ಆ ಗೋಳು ನೆನೆದು ನನಗೆ ಅಳು ಬರುತ್ತದೆ ಎಂದೂ ಬರೆದಿದ್ದಾನೆ. ಜೊತೆಗೇ, ಕಳೆದುಹೋಗಲಿದ್ದ ಈ ಆತ್ಮಗಳು ಉಳಿದುಕೊಂಡವು ಎಂದು ರಾಜಕುಮಾರನಿಗೆ ತುಂಬಾ ಸಂತೋಷವಾಯಿತು ಎಂದೂ ಬರೆದಿದ್ದಾನೆ.

ಆ ಸಂತೋಷ ಸುಮ್ನೆ ನಟನೆ ಎಂದು ತಳ್ಳಿಹಾಕುವುದು ಸುಲಭ. ನಟನೆ ಅಲ್ಲದೆ ಇದ್ದರೆ ಅದು ಇನ್ನೂ ಭಯಂಕರ. ಕ್ರೈಸ್ತರಾಗದೆ ಸತ್ತವರು ಕೊನೆಯಿಲ್ಲದೆ ಸುಡುತ್ತಾರೆ ಎಂದು ನಿಜವಾಗಿ ನಂಬಿದವನಿಗೆ, ನಲವತ್ತು ವರ್ಷದ ಸಂಕೋಲೆ ಒಂದು ಉಪಕಾರದಂತೆ ಕಾಣುತ್ತದೆ. ಲೆಕ್ಕದ ಒಂದು ಕಡೆ ಅನಂತವನ್ನು ಇಟ್ಟರೆ, ಇನ್ನೊಂದು ಕಡೆ ಇರುವ ಯಾವ ನೋವೂ ಲೆಕ್ಕಕ್ಕೆ ಬರುವುದಿಲ್ಲ. 1452 ಮತ್ತು 1455ರಲ್ಲಿ ಪೋಪ್ ಐದನೇ ನಿಕೋಲಾಸ್ ಪೋರ್ಚುಗಲ್ ದೊರೆಗೆ ಕೊಟ್ಟ ಆಜ್ಞಾಪತ್ರಗಳು ಕ್ರೈಸ್ತರಲ್ಲದವರನ್ನು ಗೆದ್ದು ನಿರಂತರ ಗುಲಾಮಗಿರಿಗೆ ತಳ್ಳಲು ಅನುಮತಿ ಕೊಟ್ಟವು. ಆತ್ಮಗಳ ರಕ್ಷಣೆಯ ಮಾತು ಅಲ್ಲೂ ಇದೆ. 2023ರಲ್ಲಿ ವ್ಯಾಟಿಕನ್ ದೂರ ಸರಿದದ್ದು ಈ ಪತ್ರಗಳಿಂದಲೇ.

ಇಲ್ಲಿ ಆತುರದ ತೀರ್ಮಾನ ಬೇಡ. ನರಕ ನಂಬಿದವರೆಲ್ಲ ಗುಲಾಮಗಿರಿಯ ಪರ ಇದ್ದರು ಎಂದರೆ ಅದು ಶುದ್ಧ ಸುಳ್ಳು. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1774ರಲ್ಲಿ ಗುಲಾಮ ವ್ಯಾಪಾರಿಗಳಿಗೆ ಎಚ್ಚರಿಕೆ ಕೊಟ್ಟಿದ್ದು ದೇವರ ತೀರ್ಪಿನ ಹೆಸರಲ್ಲೇ. ಒಂದೇ ಮನೆಯ ಉದಾಹರಣೆಯೂ ಇದೆ. 1741ರ ಜುಲೈ 8ರಂದು ಕನೆಕ್ಟಿಕಟ್‌ನ ಎನ್‌ಫೀಲ್ಡಿನಲ್ಲಿ ಜೊನಾಥನ್ ಎಡ್ವರ್ಡ್ಸ್ ಮಾಡಿದ ನರಕದ ಪ್ರಸಂಗ ಇಂದಿಗೂ ಪ್ರಸಿದ್ಧ. ಬೆಂಕಿಯ ಮೇಲೆ ಜೇಡವನ್ನು ಹಿಡಿದಂತೆ ದೇವರು ನಿಮ್ಮನ್ನು ನರಕದ ಮೇಲೆ ಹಿಡಿದಿದ್ದಾರೆ ಎಂದಾಗ ಜನ ಕಿರುಚಿಕೊಂಡರಂತೆ. ಅದಕ್ಕೆ ಹತ್ತು ವರ್ಷ ಮೊದಲು ಈ ಎಡ್ವರ್ಡ್ಸ್ ನ್ಯೂಪೋರ್ಟ್‌ನಲ್ಲಿ ವೀನಸ್ ಎಂಬ ಹುಡುಗಿಯನ್ನು 80 ಪೌಂಡಿಗೆ ಕೊಂಡಿದ್ದರು. ಅವರ ಮಗ, ಅದೇ ಹೆಸರಿನ ಪಾದ್ರಿ, 1791ರಲ್ಲಿ ಗುಲಾಮಗಿರಿ ಅನ್ಯಾಯ ಎಂದು ಪ್ರಸಂಗ ಮಾಡಿದರು. ಎಲ್ಲರೂ ರಕ್ಷಣೆ ಹೊಂದುತ್ತಾರೆ ಎಂಬ ವಾದವನ್ನು ಖಂಡಿಸಿ ಪುಸ್ತಕ ಬರೆದವರೂ ಅದೇ ಮಗ. ಅಪ್ಪನ ಎರಡು ನಂಬಿಕೆಗಳಲ್ಲಿ ಒಂದನ್ನು ಬಿಟ್ಟರು, ಇನ್ನೊಂದನ್ನು ಗಟ್ಟಿಯಾಗಿ ಹಿಡಿದರು.

ಎರಡನ್ನೂ ಒಟ್ಟಿಗೆ ಬಿಟ್ಟವರು ಯಾರಾದರೂ ಇದ್ದರೇ? ಇದ್ದರು, ಅದೂ 4ನೇ ಶತಮಾನದಲ್ಲಿ. ಇಂದಿನ ತುರ್ಕಿಯ ನಡುಭಾಗದ ಕಪ್ಪದೋಕ್ಯದಲ್ಲಿ ಬಿಷಪ್ ಆಗಿದ್ದ ನಿಸ್ಸಾದ ಗ್ರೆಗರಿ. ಬೈಬಲ್ಲಿನ ಪ್ರಸಂಗಿ ಎಂಬ ಪುಸ್ತಕದಲ್ಲಿ ಬರುವ, ದಾಸದಾಸಿಯರನ್ನು ಕೊಂಡುಕೊಂಡೆ ಎಂಬ ಮಾತನ್ನು ಹಿಡಿದು ಅವರು ಕೇಳಿದರು: ಮನುಷ್ಯ ದೇವರ ರೂಪ. ದೇವರ ರೂಪಕ್ಕೆ ಎಷ್ಟು ಕಾಸು ಬೆಲೆ ಕಟ್ಟಿದೆ? ಮಾರಿದವನು ಯಾರು, ಕೊಂಡವನು ಯಾರು? ಆ ಕಾಲದಿಂದ ನಮಗೆ ಉಳಿದಿರುವ ಬರಹಗಳಲ್ಲಿ ಗುಲಾಮಗಿರಿಯ ಮೇಲೆ ಇಷ್ಟು ನೇರ ದಾಳಿ ಸಿಗುವುದು ಬಹಳ ಅಪರೂಪ. ಇದೇ ಗ್ರೆಗರಿ, ಶಿಕ್ಷೆಯ ಬೆಂಕಿ ಚಿನ್ನದ ಕಲ್ಮಶ ಕಳೆಯುವ ಬೆಂಕಿಯಂತೆ, ಕೊನೆಗೆ ಎಲ್ಲರೂ ದೇವರನ್ನು ಸೇರುತ್ತಾರೆ ಎಂದು ಬರೆದರು. ಎರಡಕ್ಕೂ ಮೂಲ ಒಂದೇ ನಂಬಿಕೆ. ದೇವರ ರೂಪವನ್ನು ಮಾರಲು ಆಗದಿದ್ದರೆ ಎಸೆಯಲೂ ಆಗದು. ಅಗಸ್ಟೀನರೋ ಇನ್ನೊಂದು ದಡ. ದೇವರು ಮೊದಲು ಮನುಷ್ಯನನ್ನು ಗುಲಾಮನಾಗಿ ಮಾಡಲಿಲ್ಲ ಎಂದು ಅವರೂ ಒಪ್ಪಿದರು. ಆದರೆ ಗುಲಾಮಗಿರಿ ಪಾಪಕ್ಕೆ ಬಂದ ಶಿಕ್ಷೆ, ಸಹಿಸಿಕೊಳ್ಳಬೇಕು ಎಂದರು. ಇದನ್ನು ಬರೆದ ಪುಸ್ತಕದಲ್ಲೇ, ನರಕಕ್ಕೆ ಕೊನೆ ಇದೆ ಎನ್ನುವ ದಯಾಳುಗಳನ್ನು ಒಬ್ಬೊಬ್ಬರಾಗಿ ಖಂಡಿಸಿದರು. ಗ್ರೆಗರಿಯವರನ್ನು ಚರ್ಚು ಸಂತ ಎಂದು ಗೌರವಿಸಿತು. ಅವರು ಹೇಳಿದ ಎರಡು ಮಾತುಗಳನ್ನು ಮಾತ್ರ ಪಕ್ಕಕ್ಕಿಟ್ಟಿತು. ಒಂದನ್ನು ಒಪ್ಪಿಕೊಳ್ಳಲು ಸುಮಾರು 1,500 ವರ್ಷ ಹಿಡಿಯಿತು.

ಇಂದಿನ ಸಮರ್ಥನೆಗಳಲ್ಲಿ ಎರಡು ಮುಖ್ಯ. ಗುಲಾಮಗಿರಿಗೆ ಹೇಳುವುದು ಹೀಗೆ: ಅಂದಿನ ಜನ ಒರಟರು, ದೇವರು ಅವರ ಮಟ್ಟಕ್ಕೆ ಇಳಿದು ಮೆಲ್ಲಗೆ ತಿದ್ದಿದರು. ವಿಚ್ಛೇದನದ ಬಗ್ಗೆ ಯೇಸುವೇ ಮತ್ತಾಯನ 19ನೇ ಅಧ್ಯಾಯದಲ್ಲಿ ಇಂಥ ಮಾತು ಹೇಳುತ್ತಾರೆ, ನಿಮ್ಮ ಹೃದಯ ಕಠಿಣವಾದ್ದರಿಂದ ಮೋಶೆ ಅನುಮತಿ ಕೊಟ್ಟ ಎಂದು. ಈ ವಾದಕ್ಕೆ ಬಲ ಇದೆ. ಆದರೆ ಇದು ನರಕಕ್ಕೆ ಒಂದಿಷ್ಟೂ ನೆರವಾಗುವುದಿಲ್ಲ. ಕಾನೂನು ಬರೆಯುವಾಗ ಮನುಷ್ಯರ ಒರಟುತನಕ್ಕೆ ಹೊಂದಿಕೊಳ್ಳಬೇಕಾದೀತು. ಸತ್ತ ಮೇಲಿನ ಲೋಕದಲ್ಲಿ ದೇವರು ಯಾರ ಒರಟುತನಕ್ಕೆ ಹೊಂದಿಕೊಳ್ಳಬೇಕು? ಅಲ್ಲಿ ನಡೆಯುವುದೆಲ್ಲ ದೇವರ ಸ್ವಂತ ಇಷ್ಟ. ಗುಲಾಮಗಿರಿಗಿಂತ ನರಕದ ಪ್ರಶ್ನೆ ಕಷ್ಟದ್ದು ಎಂದು ನಾನು ಹೇಳುವುದು ಇದಕ್ಕೇ.

ನರಕಕ್ಕೆ ಹೇಳುವ ಸಮರ್ಥನೆ ಸ್ವತಂತ್ರ ಇಚ್ಛೆಯದು. ದೇವರು ಯಾರನ್ನೂ ನರಕಕ್ಕೆ ತಳ್ಳುವುದಿಲ್ಲ, ಮನುಷ್ಯ ತಾನಾಗಿ ದೇವರಿಂದ ದೂರ ಹೋಗುತ್ತಾನೆ, ಆ ದೂರವೇ ನರಕ. ಕ್ಯಾಥೋಲಿಕ್ ಚರ್ಚಿನ 1992ರ ಧರ್ಮೋಪದೇಶ ಗ್ರಂಥವೂ ಇದನ್ನೇ ಒತ್ತಿ ಹೇಳುತ್ತದೆ. ಜೇಡ ಹಿಡಿದ ಕೈಗಿಂತ ಇದು ಎಷ್ಟೋ ಮೇಲು. ಆದರೆ ಇದು ಬೆಂಕಿಯ ಕೆರೆಗೆ ಎಸೆಯಲಾಯಿತು ಎನ್ನುವ ವಚನದ ಓದು ಅಲ್ಲ. ಮನಸ್ಸಾಕ್ಷಿ ಸಹಿಸಲಾರದ್ದನ್ನು ಕಂಡು ಮಾಡಿಕೊಂಡ ಹೊಸ ಓದು. ಹಾಗೆ ಮಾಡಿದ್ದು ತಪ್ಪು ಎನ್ನುತ್ತಿಲ್ಲ, ಸರಿಯೇ ಮಾಡಿದ್ದಾರೆ. ಮಾಡಿದ್ದೇವೆ ಎಂದು ಹೇಳಲಿ ಎನ್ನುತ್ತಿದ್ದೇನೆ. 1995ರಲ್ಲಿ ಇಂಗ್ಲೆಂಡಿನ ಚರ್ಚಿನ ಸಿದ್ಧಾಂತ ಸಮಿತಿ ಈ ಧೈರ್ಯ ತೋರಿಸಿತು. ಹಳೆಯ ನರಕ ಚಿತ್ರಗಳು ದೇವರನ್ನು ಕ್ರೂರ ರಾಕ್ಷಸನನ್ನಾಗಿ ಮಾಡಿವೆ ಎಂದು ತನ್ನ ವರದಿಯಲ್ಲೇ ಬರೆಯಿತು.

ದೇವರ ಮಾತನ್ನು ಅಳೆಯಲು ಮನುಷ್ಯನ ಮನಸ್ಸಾಕ್ಷಿ ಯಾರು ಎಂದು ಕೇಳುವವರು ಇಂದಿಗೂ ಇದ್ದಾರೆ. ಈ ಪ್ರಶ್ನೆಯನ್ನು ಹಗುರ ಮಾಡಬಾರದು. ಮನಸ್ಸಾಕ್ಷಿಯೂ ಕಾಲಕ್ಕೆ ತಕ್ಕಂತೆ ಕೆಡುತ್ತದೆ, ಆಲ್ಡ್‌ಗೂ ಒಂದು ಮನಸ್ಸಾಕ್ಷಿ ಇದ್ದಿರಬೇಕು. ಆದರೆ 19ನೇ ಶತಮಾನದ ಅಮೆರಿಕದ ದಕ್ಷಿಣದಲ್ಲಿ ಗುಲಾಮಗಿರಿ ಸಮರ್ಥಿಸಿದ ಪಾದ್ರಿಗಳು ಕೇಳಿದ್ದೂ ಇದೇ ಪ್ರಶ್ನೆ. ನಮ್ಮ ಬಳಿ ವಚನ ಇದೆ, ನಿಮ್ಮ ಬಳಿ ಇರುವುದು ಬರೀ ಭಾವನೆ ಎಂದರು ಅವರು. ವಚನಗಳನ್ನು ಎಣಿಸಿದರೆ ಅವರ ಕಡೆಗೇ ಜಾಸ್ತಿ ಇದ್ದವು. ಆದರೂ ಅವರು ತಪ್ಪಿದ್ದರು.

ಅವರಲ್ಲಿ ಒಂದು ದೊಡ್ಡ ಗುಂಪು 1845ರಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಬೇರೆಯಾಗಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಎಂಬ ಚರ್ಚುಗಳ ಒಕ್ಕೂಟ ಕಟ್ಟಿತು. ಗುಲಾಮರ ಒಡೆಯರು ಮಿಷನರಿಗಳಾಗಬಹುದೇ ಎಂಬ ಜಗಳವೇ ಅದಕ್ಕೆ ಕಾರಣ. 150 ವರ್ಷ ಕಳೆದ ಮೇಲೆ, 1995ರಲ್ಲಿ, ಅದೇ ಸಂಸ್ಥೆ ಗುಲಾಮಗಿರಿಗೆ ತಾನು ಕೊಟ್ಟ ಬೆಂಬಲಕ್ಕಾಗಿ ಆಫ್ರಿಕನ್ ಅಮೆರಿಕನ್ನರ ಕ್ಷಮೆ ಕೇಳಿತು. 2011ರಲ್ಲಿ, ಎಲ್ಲರಿಗೂ ರಕ್ಷಣೆ ಸಿಗಬಹುದು ಎಂಬ ಮಾತು ಜನರಲ್ಲಿ ಹಬ್ಬತೊಡಗಿದಾಗ, ಅದೇ ಸಂಸ್ಥೆ ನಿರ್ಣಯ ಮಾಡಿ ನರಕದ ಶಿಕ್ಷೆ ನಿತ್ಯವಾದದ್ದು, ಪ್ರಜ್ಞೆ ಇರುವಾಗಲೇ ಅನುಭವಿಸುವಂಥದ್ದು ಎಂದು ಮತ್ತೆ ಸಾರಿತು. ಎಫೆಸದವರಿಗೆ ಬರೆದ ಆ ಮಾತು ಇಂದಿನ ಗುಲಾಮರಿಗೆ ಅನ್ವಯಿಸುವುದಿಲ್ಲ ಎಂದು ಅವರು ಯಾವ ನಿಯಮದಿಂದ ತೀರ್ಮಾನಿಸಿದರೋ, ಆ ನಿಯಮ ಮತ್ತಾಯನ 25ನೇ ಅಧ್ಯಾಯದ ಹತ್ತಿರ ಬಂದಾಗ ಏಕೆ ನಿಲ್ಲುತ್ತದೆ ಎಂದು ಅವರು ಹೇಳಬೇಕು. ಹೇಳುವ ತನಕ ಈ ವಾದ ಮುಂದುವರಿಯುತ್ತದೆ, ಮುಂದುವರಿಯಲೂ ಬೇಕು.